ಡೈಲಾಗ್ ಬಾಕ್ಸಲ್ಲಿ ತಪ್ಪು ಎಂಟ್ರಿ: ಎಲ್ಲಿ ತಡೀಬೇಕು, ಎಲ್ಲಿ ಬಿಡಬೇಕು? (ಟೊಮೇಟೊ ಮಂಡಿ ಬಿಲ್ಲಿಂಗ್)

ಕೋಲಾರ_ಕೋಡ್:

ಎಲ್ಲರಿಗೂ ನಮಸ್ಕಾರ. ಕೋಲಾರ ಎಪಿಎಂಸಿ ಯಾರ್ಡಲ್ಲಿರೋ ಒಂದು ಟೊಮೇಟೊ ಮಂಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡ್ತಿದೀನಿ. ಭಾಷೆ ಸಿ ಶಾರ್ಪ್, ಪರದೆಗಳಿಗೆ ಡಾಟ್‌ನೆಟ್‌ನ ಡಬ್ಲ್ಯೂಪಿಎಫ್, ಡೇಟಾಬೇಸ್ ಎಸ್‌ಕ್ಯೂಲೈಟ್. ಇಂಟರ್ನೆಟ್ ನಂಬಿಕೊಂಡ್ರೆ ಹರಾಜಿನ ಹೊತ್ತಲ್ಲಿ ಕೈ ಕೊಡುತ್ತೆ, ಡೆಸ್ಕ್‌ಟಾಪ್‌ದೇ ಬೇಕು ಅಂತ ಮಂಡಿಯವರು ಮೊದಲೇ ಹೇಳಿಬಿಟ್ಟಿದಾರೆ.

ಮುಖ್ಯವಾದದ್ದು ‘ಹೊಸ ಲಾಟ್’ ಅನ್ನೋ ಡೈಲಾಗ್, ಅಂದ್ರೆ ರೈತರು ತಂದ ಮಾಲನ್ನ ಎಂಟ್ರಿ ಮಾಡೋ ಪುಟ್ಟ ಕಿಟಕಿ. ರೈತರ ಹೆಸರು, ಊರು, ಮೊಬೈಲ್, ಗಾಡಿ ನಂಬರ್, ಎಷ್ಟು ಬಾಕ್ಸು, ಬಾಕ್ಸಿಗೆ ಎಷ್ಟು ರೇಟು. ಕೆಳಗೆ ಓಕೆ, ಕ್ಯಾನ್ಸಲ್. ಪ್ರತಿ ಟೆಕ್ಸ್ಟ್ ಬಾಕ್ಸಿನ ಬೈಂಡಿಂಗಿಗೂ (ಬಾಕ್ಸನ್ನ ಒಳಗಿನ ಡೇಟಾಗೆ ಜೋಡಿಸೋ ಕೊಂಡಿ) ಒಂದೊಂದು ವ್ಯಾಲಿಡೇಶನ್ ರೂಲ್, ಅಂದ್ರೆ ಹೊಡೆದದ್ದು ಸರಿನಾ ಅಂತ ನೋಡೋ ನಿಯಮ, ಹಾಕಿದೀನಿ. ತಪ್ಪು ಹೊಡೆದ್ರೆ ಕೆಂಪು ಚೌಕಟ್ಟು ಬರುತ್ತೆ, ಅಷ್ಟರಮಟ್ಟಿಗೆ ಸರಿ.

ತೊಂದರೆ ಏನಂದ್ರೆ, ರೇಟು ಹೊಡೆದು ಹಾಗೇ ಎಂಟರ್ ಒತ್ತಿದ್ರೆ ಆ ರೇಟು ಸೇವ್ ಆಗಲ್ಲ. ಮೌಸಲ್ಲಿ ಓಕೆ ಒತ್ತಿದ್ರೆ ಆಗುತ್ತೆ. ಇನ್ನೊಂದು, ಡೈಲಾಗ್ ತೆರೆದು ಏನೂ ತುಂಬಿಸದೆ ಓಕೆ ಒತ್ತಿದ್ರೆ ಒಂದು ಮಾತೂ ಕೇಳದೆ ಒಳಗೆ ಹೋಗುತ್ತೆ. ಆಮೇಲೆ, ತಪ್ಪನ್ನ ಮೆಸೇಜ್ ಬಾಕ್ಸಲ್ಲಿ ತೋರಿಸಲಾ, ಪಕ್ಕದಲ್ಲೇ ತೋರಿಸಲಾ, ಇಲ್ಲಾ ಎಲ್ಲಾ ಸರಿಯಾಗೋ ತನಕ ಓಕೆ ಬಟನ್ನೇ ಮಸುಕು ಮಾಡಿ ಇಡಲಾ? ಅನುಭವ ಇರೋರು ದಯವಿಟ್ಟು ಹೇಳಿ.

ಬಂಗಾರಪೇಟೆ_ಡಾಟ್‌ನೆಟ್:

ಎಂಟರ್ ವಿಷಯ ಮೊದಲು, ಅದು ಡಬ್ಲ್ಯೂಪಿಎಫ್ ಕಲಿಯೋ ಪ್ರತಿಯೊಬ್ಬರಿಗೂ ಎದುರಾಗೋದು. ಟೆಕ್ಸ್ಟ್ ಬಾಕ್ಸಿನ ಟೆಕ್ಸ್ಟ್ ಬೈಂಡಿಂಗ್ ತಾನಾಗಿ ಮೌಲ್ಯವನ್ನು ಒಳಗೆ ಕಳಿಸೋದು ಫೋಕಸ್ (ಈಗ ಕೀಬೋರ್ಡ್ ಕೆಲಸ ಮಾಡ್ತಿರೋ ಜಾಗ) ಬೇರೆ ಕಡೆ ಹೋದಾಗ. ಮೌಸಲ್ಲಿ ಓಕೆ ಒತ್ತಿದಾಗ ಫೋಕಸ್ ಬಟನ್ನಿಗೆ ಹೋಗುತ್ತೆ, ಹಾಗಾಗಿ ರೇಟು ಒಳಗೆ ಹೋಗುತ್ತೆ, ರೂಲ್ ಕೂಡ ಓಡುತ್ತೆ. ಓಕೆಗೆ ‘ಈಸ್‌ಡಿಫಾಲ್ಟ್’ ಕೊಟ್ಟಿರ್ತೀರಲ್ಲ, ಎಂಟರ್ ಒತ್ತಿದಾಗ ಕ್ಲಿಕ್ ಮಾತ್ರ ನಡೆಯುತ್ತೆ, ಫೋಕಸ್ ಅಲ್ಲೇ ರೇಟಿನ ಬಾಕ್ಸಲ್ಲೇ ಉಳಿಯುತ್ತೆ. ಬೈಂಡಿಂಗಿಗೆ ಏನೂ ಗೊತ್ತಾಗಲ್ಲ, ಹಳೇ ಮೌಲ್ಯವೇ ಸೇವ್ ಆಗುತ್ತೆ. ಮಂಡೀಲಿ ಗುಮಾಸ್ತರು ಮೌಸ್ ಮುಟ್ಟೋದೇ ಕಡಿಮೆ, ಆದ್ದರಿಂದ ಇದು ದಿನಾ ಆಗುತ್ತೆ.

‘ಅಪ್‌ಡೇಟ್‌ಸೋರ್ಸ್‌ಟ್ರಿಗರ್’ ಅನ್ನೋ ಸೆಟ್ಟಿಂಗನ್ನ ‘ಪ್ರಾಪರ್ಟಿಚೇಂಜ್ಡ್’ ಮಾಡಿ, ಆಗ ಪ್ರತಿ ಅಕ್ಷರ ಹೊಡೆದಾಗಲೂ ಮೌಲ್ಯ ಒಳಗೆ ಹೋಗುತ್ತೆ ಅಂತ ಎಲ್ಲರೂ ಹೇಳ್ತಾರೆ. ಮಾಡಬಹುದು. ಆದ್ರೆ ರೇಟಿನ ಪ್ರಾಪರ್ಟಿ ದಶಮಾಂಶ ಸಂಖ್ಯೆ ಆಗಿದ್ರೆ ಡಾಟ್‌ನೆಟ್ 4.5ರಿಂದ ಈಚೆಗೆ ‘12.’ ಅಂತ ಚುಕ್ಕಿ ಒತ್ತೋದೇ ಕಷ್ಟ. ಪ್ರತಿ ಅಕ್ಷರಕ್ಕೂ ಮೌಲ್ಯ ಒಳಗೆ ಹೋಗಿ ತಿರುಗಿ ಬರೋದರಿಂದ ಚುಕ್ಕಿ ಮಾಯ ಆಗುತ್ತೆ.

ನಾನು ಹೇಳೋದು ಹೀಗೆ: ‘ಪ್ರಾಪರ್ಟಿಚೇಂಜ್ಡ್’ ಹಾಕಿ, ಆದ್ರೆ ವ್ಯೂಮಾಡೆಲಲ್ಲಿ (ಪರದೆಯ ಹಿಂದೆ ಡೇಟಾ ಹಿಡಿದಿಡೋ ಕ್ಲಾಸ್) ರೇಟು, ಬಾಕ್ಸ್ ಸಂಖ್ಯೆ ಎರಡನ್ನೂ ಸ್ಟ್ರಿಂಗ್, ಅಂದ್ರೆ ಬರೀ ಪಠ್ಯ, ಆಗೇ ಇಟ್ಟುಕೊಳ್ಳಿ. ಗುಮಾಸ್ತರು ಹೊಡೆದದ್ದು ಹೊಡೆದ ಹಾಗೇ ಅಲ್ಲಿಗೆ ಬರಲಿ. ಅದನ್ನ ಸಂಖ್ಯೆಯಾಗಿ ಓದೋ ಕೆಲಸ ನಿಮ್ಮ ಕೋಡ್ ಮಾಡಲಿ. ಪ್ರಾಪರ್ಟಿ ಸಂಖ್ಯೆಯೇ ಆಗಿದ್ದು ಗುಮಾಸ್ತರು ‘ನಲವತ್ತು’ ಅಂತ ಹೊಡೆದ್ರೆ ಪರಿವರ್ತನೆ ಬೈಂಡಿಂಗ್ ಮಟ್ಟದಲ್ಲೇ ಸೋತು ನಿಲ್ಲುತ್ತೆ. ವ್ಯೂಮಾಡೆಲಲ್ಲಿ ಹಿಂದಿನ ಒಳ್ಳೇ ಸಂಖ್ಯೆಯೇ ಕೂತಿರುತ್ತೆ. ಪರದೆ ಮೇಲೆ ಕೆಂಪು, ಒಳಗೆ ಎಲ್ಲಾ ಸರಿ! ಓಕೆ ಒತ್ತಿದಾಗ ನೀವು ವ್ಯೂಮಾಡೆಲನ್ನ ಕೇಳಿದ್ರೆ ಅದು ‘ತಪ್ಪೇ ಇಲ್ಲ’ ಅನ್ನುತ್ತೆ.

ಖಾಲಿ ಡೈಲಾಗಿನದೂ ಇದೇ ಜಾತಿ. ಬೈಂಡಿಂಗಿನ ರೂಲ್ ಓಡೋದು ಮೌಲ್ಯ ಒಳಗೆ ಹೋಗುವಾಗ. ಮುಟ್ಟದೇ ಇರೋ ಬಾಕ್ಸಿಂದ ಏನೂ ಹೋಗಲ್ಲ, ರೂಲೂ ಓಡಲ್ಲ. ಅದಕ್ಕೇ ಓಕೆ ಒತ್ತಿದಾಗ ಎಲ್ಲಾ ಬಾಕ್ಸುಗಳನ್ನೂ ಒಟ್ಟಿಗೆ ಪರೀಕ್ಷೆ ಮಾಡೋ ಒಂದೇ ಫಂಕ್ಷನ್ ಇರಬೇಕು. ‘ಐನೋಟಿಫೈಡೇಟಾಎರರ್‌ಇನ್ಫೋ’ ಅನ್ನೋ ಇಂಟರ್‌ಫೇಸ್ ಬಳಸಿ, ತಪ್ಪುಗಳನ್ನ ಪರದೆಗೆ ತಿಳಿಸೋಕೆ ಇರೋದು; 2012ರಲ್ಲಿ ಡಾಟ್‌ನೆಟ್ 4.5 ಜೊತೆ ಡಬ್ಲ್ಯೂಪಿಎಫ್‌ಗೆ ಬಂತು. ಯಾವ ಬಾಕ್ಸಿಗೆ ಯಾವ ತಪ್ಪು, ಅದನ್ನ ಯಾವಾಗ ಹೇಳಬೇಕು ಅನ್ನೋದು ಪೂರ್ತಿ ನಿಮ್ಮ ಕೈಲಿರುತ್ತೆ. ಹಳೇ ‘ಐಡೇಟಾಎರರ್‌ಇನ್ಫೋ’ ಡೈಲಾಗ್ ತೆರೆದ ತಕ್ಷಣವೇ ಎಲ್ಲಾ ಖಾಲಿ ಬಾಕ್ಸನ್ನೂ ಕೆಂಪು ಮಾಡಿ ಕೂರಿಸುತ್ತೆ. ಇನ್ನೂ ಕೈ ಇಟ್ಟಿಲ್ಲದವರಿಗೆ ತಪ್ಪು ಮಾಡಿದೀರಿ ಅನ್ನೋದು ಸರಿಯಲ್ಲ.

ವಿನ್‌ಫಾರ್ಮ್ಸ್_ಹಳಬ:

ನಾನು ಇನ್ನೂ ಡಬ್ಲ್ಯೂಪಿಎಫ್‌ಗಿಂತ ಹಳೇದಾದ ವಿನ್‌ಫಾರ್ಮ್ಸಲ್ಲೇ ಕೆಲಸ ಮಾಡೋನು. ಈ ಕಡೆಯ ಸಣ್ಣ ಅಂಗಡಿ, ಸೊಸೈಟಿಗಳಲ್ಲಿ ಇವತ್ತಿಗೂ ಓಡ್ತಿರೋದರಲ್ಲಿ ಅದೇ ಜಾಸ್ತಿ ಕಾಣ್ತೀನಿ, ಹಾಗಾಗಿ ಓದೋರಿಗೆ ಉಪಯೋಗ ಆಗಲಿ ಅಂತ ಬರೀತೀನಿ.

ಅಲ್ಲಿ ‘ವ್ಯಾಲಿಡೇಟಿಂಗ್’ ಅನ್ನೋ ಈವೆಂಟ್ ಇದೆ. ಅದರಲ್ಲಿ ‘ಕ್ಯಾನ್ಸಲ್’ ಅನ್ನು ಟ್ರೂ ಮಾಡಿದ್ರೆ ಫೋಕಸ್ ಆ ಬಾಕ್ಸು ಬಿಟ್ಟು ಹೋಗಲ್ಲ. ಬಹಳ ಜನ ಇದನ್ನೇ ವ್ಯಾಲಿಡೇಶನ್ ಅಂದುಕೊಂಡಿದಾರೆ. ಯೋಚನೆ ಮಾಡಿ: ಗುಮಾಸ್ತರು ಮೊಬೈಲ್ ನಂಬರ್ ಅರ್ಧ ಹೊಡೆದಿದಾರೆ, ರೈತರು ‘ಇರಿ ಸ್ವಾಮಿ, ಮಗನ್ನ ಕೇಳ್ತೀನಿ’ ಅಂತ ಫೋನ್ ತೆಗೀತಾರೆ. ಅಷ್ಟರಲ್ಲಿ ಬಾಕ್ಸ್ ಸಂಖ್ಯೆ ಹೊಡೆಯೋಣ ಅಂದ್ರೆ ಕರ್ಸರ್ ಕದಲಲ್ಲ. ಕ್ಯಾನ್ಸಲ್ ಬಟನ್ನಿಗೆ ‘ಕಾಸಸ್‌ವ್ಯಾಲಿಡೇಶನ್’ ಫಾಲ್ಸ್ ಮಾಡದೇ ಇದ್ರೆ ಆ ಡೈಲಾಗಿಂದ ಆಚೆ ಬರೋಕೂ ಆಗಲ್ಲ.

ಫಾರ್ಮಿನ ‘ಆಟೋವ್ಯಾಲಿಡೇಟ್’ ಪ್ರಾಪರ್ಟಿಯನ್ನ ‘ಎನೇಬಲ್‌ಅಲೋಫೋಕಸ್‌ಚೇಂಜ್’ ಮಾಡಿ. ಡಾಟ್‌ನೆಟ್ 2.0ದಿಂದಲೇ ಇದೆ. ಪರೀಕ್ಷೆ ನಡೆಯುತ್ತೆ, ಕರ್ಸರ್ ಕಟ್ಟಿಹಾಕಲ್ಲ. ಓಕೆಯಲ್ಲಿ ‘ವ್ಯಾಲಿಡೇಟ್‌ಚಿಲ್ಡ್ರನ್’ ಕರೀರಿ, ಫಾಲ್ಸ್ ಬಂದ್ರೆ ‘ಡೈಲಾಗ್‌ರಿಸಲ್ಟ್’ ಅನ್ನು ‘ನನ್’ ಮಾಡಿ, ಡೈಲಾಗ್ ಮುಚ್ಚಲ್ಲ. ತಪ್ಪು ತೋರಿಸೋಕೆ ‘ಎರರ್‌ಪ್ರೊವೈಡರ್’. ಅದು ಬಾಕ್ಸಿನ ಪಕ್ಕ ತೋರಿಸೋ ಚಿಹ್ನೆಯ ಮಿನುಗು ಮಾತ್ರ ನಿಲ್ಲಿಸಿ.

ಜಾವಾ ಸ್ವಿಂಗಲ್ಲಿ ಮಾಡೋರಿಗೂ ಇದೇ ಮಾತು. ‘ಇನ್‌ಪುಟ್‌ವೆರಿಫೈಯರ್’ ಹಾಕಿದ್ರೆ ಕ್ಯಾನ್ಸಲ್ ಬಟನ್ನಿಗೆ ‘ಸೆಟ್‌ವೆರಿಫೈಇನ್‌ಪುಟ್‌ವೆನ್‌ಫೋಕಸ್‌ಟಾರ್ಗೆಟ್’ ಫಾಲ್ಸ್ ಮಾಡೋದು ಬಿಡಬೇಡಿ.

ಮಂಡಿ_ಕೌಂಟರ್:

ನಾನು ಕೋಡ್ ಬರೆಯೋಳಲ್ಲ. ಇದೇ ಯಾರ್ಡಲ್ಲಿ ಒಂದು ಮಂಡೀಲಿ ಕಂಪ್ಯೂಟರ್ ಮುಂದೆ ಕೂತು ಲಾಟ್ ಎಂಟ್ರಿ ಮಾಡೋಳು. ತಮ್ಮ ಈ ಚರ್ಚೆ ತೋರಿಸಿದ, ಓದಿ ಸುಮ್ಮನಿರೋಕೆ ಆಗಲಿಲ್ಲ.

2023ರ ಜುಲೈ ಎಲ್ಲರಿಗೂ ನೆನಪಿರುತ್ತೆ. 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತು. ಆಗ ನಮ್ಮಲ್ಲಿದ್ದ ಸಾಫ್ಟ್‌ವೇರ್ ರೇಟಿನ ಬಾಕ್ಸಲ್ಲಿ 999ಕ್ಕಿಂತ ಮೇಲೆ ತಗೋತಿರಲಿಲ್ಲ. ಮಾಡಿದೋರು ಯಾವತ್ತೋ ‘ಟೊಮೇಟೊ ಸಾವಿರ ರೂಪಾಯಿ ಎಲ್ಲಿ ಆಗುತ್ತೆ’ ಅಂದುಕೊಂಡು ಮಿತಿ ಹಾಕಿದ್ರು. ಆಚೆ ಹರಾಜು ಕೂಗ್ತಾ ಇದಾರೆ, ಸಾಲು ನಿಂತಿದೆ, ಪರದೆ ಮೇಲೆ ‘ತಪ್ಪು ಮೌಲ್ಯ’ ಅಂತ ಮೆಸೇಜು. ನಾವು ಏನ್ಮಾಡಿದ್ವಿ ಅಂದ್ರೆ, 40 ಬಾಕ್ಸು 1,900ರಂತೆ ಹೋಗಿದ್ರೆ 80 ಬಾಕ್ಸು 950ರಂತೆ ಅಂತ ಹೊಡೆದ್ವಿ. ಎರಡೂ 76,000ವೇ. ರೈತರಿಗೆ ದುಡ್ಡು ಸರಿ ಹೋಯ್ತು. ಆದ್ರೆ ಹಮಾಲಿ ಬಾಕ್ಸಿನ ಲೆಕ್ಕದಲ್ಲಿ ಅಲ್ವಾ? ಅದು ಎರಡರಷ್ಟು ಕಟ್ ಆಗಿತ್ತು, ಕೈಯಲ್ಲಿ ತಿದ್ದಬೇಕಾಯ್ತು. ಗೇಟಿನ ಬಾಕ್ಸ್ ಲೆಕ್ಕಕ್ಕೂ ನಮ್ಮ ಪುಸ್ತಕಕ್ಕೂ ತಾಳೆ ಆಗಲೇ ಇಲ್ಲ. ಆ ತಿಂಗಳ ಬಾಕ್ಸ್ ಸಂಖ್ಯೆ ಇವತ್ತಿಗೂ ಸುಳ್ಳೇ.

ಮಿತಿ ಹಾಕಬೇಡಿ ಅಂತಿಲ್ಲ. 190 ಹೊಡೆಯೋ ಕಡೆ 1900 ಆಗಿಬಿಟ್ಟರೆ ಕೇಳಲೇಬೇಕು. ಕೇಳಿ, ಆದ್ರೆ ನಾವು ‘ಹೌದು, ಸರಿಯಾಗಿದೆ’ ಅಂದ್ರೆ ಬಿಡಿ. ರೇಟು ಎಷ್ಟಾಯ್ತು ಅನ್ನೋದು ಹರಾಜಲ್ಲಿ ನಿಂತಿರೋ ನಮಗೆ ಗೊತ್ತು.

ಮೊಬೈಲ್ ನಂಬರ್ ಕಡ್ಡಾಯ ಮಾಡಬೇಡಿ ಅಂತಲೂ ಕೇಳ್ಕೋತೀನಿ. ಫೋನೇ ಇಲ್ಲದ ಅಜ್ಜಂದಿರು ಬರ್ತಾರೆ. ಕಡ್ಡಾಯ ಮಾಡಿದ್ರೆ ಹತ್ತು ಸಲ 9 ಒತ್ತಿ ಮುಂದೆ ಹೋಗ್ತೀವಿ, ಬೇರೆ ದಾರಿ ಇಲ್ಲ.

ಕೋಲಾರ_ಕೋಡ್:

ಅಕ್ಕ, ತುಂಬಾ ಥ್ಯಾಂಕ್ಸ್. ನೀವು ಹೇಳದಿದ್ರೆ ಇದು ನನ್ನ ಯೋಚನೆಗೇ ಬರ್ತಿರಲಿಲ್ಲ. ಮೊಬೈಲ್ ಕಡ್ಡಾಯ ತೆಗೀತೀನಿ. ‘ನಂಬರ್ ಇಲ್ಲ’ ಅಂತ ಒಂದು ಚೆಕ್‌ಬಾಕ್ಸ್ ಇಟ್ಟರೆ ಸರಿನಾ, ಇಲ್ಲಾ ಸುಮ್ಮನೆ ಖಾಲಿ ಬಿಡೋದಾ?

ಮಂಡಿ_ಕೌಂಟರ್:

ಖಾಲಿ ಬಿಡೋದೇ ಸುಲಭ. ಚೆಕ್‌ಬಾಕ್ಸ್ ಅಂದ್ರೆ ಇನ್ನೊಂದು ಕೆಲಸ.

ಬಂಗಾರಪೇಟೆ_ಡಾಟ್‌ನೆಟ್:

ಮೇಡಂ ಹೇಳಿದ್ದನ್ನ ಕೋಡಲ್ಲಿ ಹೇಗೆ ಇಳಿಸೋದು ಅಂತ ಹೇಳ್ತೀನಿ. ಅಸಾಧ್ಯವಾದದ್ದು ಬೇರೆ, ಅಪರೂಪದ್ದು ಬೇರೆ. ಬಾಕ್ಸ್ ಸಂಖ್ಯೆ ಸೊನ್ನೆ, ರೇಟು ಮೈನಸ್, ರೈತರ ಹೆಸರೇ ಇಲ್ಲ, ಇವು ಅಸಾಧ್ಯ. ಇಲ್ಲಿ ಓಕೆ ನಿಲ್ಲಲಿ. ರೇಟು 2,500, ಒಂದೇ ಲಾಟಲ್ಲಿ 1,200 ಬಾಕ್ಸು, ಇವು ಅಪರೂಪ. ಹಳದಿ ಬಣ್ಣದಲ್ಲಿ ಎಚ್ಚರಿಕೆ ತೋರಿಸಿ, ಇನ್ನೊಂದು ಸಲ ಎಂಟರ್ ಒತ್ತಿದ್ರೆ ಒಳಗೆ ಹೋಗಲಿ.

‘ಐನೋಟಿಫೈಡೇಟಾಎರರ್‌ಇನ್ಫೋ’ದಲ್ಲಿ ‘ಗೆಟ್‌ಎರರ್ಸ್’ ಬರೀ ಸ್ಟ್ರಿಂಗೇ ಕೊಡಬೇಕು ಅಂತಿಲ್ಲ, ನಿಮ್ಮದೇ ಆಬ್ಜೆಕ್ಟ್ ಕೊಡಬಹುದು. ಸಂದೇಶದ ಜೊತೆ ‘ಇದು ತಡೆಯೋದಾ, ಎಚ್ಚರಿಸೋದಾ’ ಅನ್ನೋ ಒಂದು ಗುರುತು ಇಡಿ. ಎರರ್ ಟೆಂಪ್ಲೇಟ್ (ತಪ್ಪು ಪರದೆ ಮೇಲೆ ಹೇಗೆ ಕಾಣಬೇಕು ಅನ್ನೋ ಮಾದರಿ) ಅದನ್ನ ನೋಡಿ ಬಣ್ಣ ಬದಲಿಸಲಿ. ಓಕೆ ನಿಲ್ಲಿಸೋದು ತಡೆಯೋ ಗುರುತು ಇದ್ದಾಗ ಮಾತ್ರ.

ಅಪರೂಪದ ಗೆರೆ ಎಲ್ಲಿ ಹಾಕೋದು? ಕೋಡಲ್ಲಿ ಸಂಖ್ಯೆ ಬರೆದಿಡಬೇಡಿ. ಅವತ್ತಿನ ಹಿಂದಿನ ಲಾಟುಗಳ ರೇಟೇ ನಿಮ್ಮ ಹತ್ತಿರ ಇದೆಯಲ್ಲ. ಬೆಳಿಗ್ಗೆಯಿಂದ 300, 340, 320 ಹೋಗ್ತಿದ್ದು ಒಂದು 3,200 ಬಂದ್ರೆ ಕೇಳಿ. 2023ರ ಜುಲೈನಂಥ ದಿನ ಎಲ್ಲಾ ಲಾಟೂ 1,900, 2,000 ಹೋಗ್ತಿದ್ರೆ ತಾನೇ ಸುಮ್ಮನಿರುತ್ತೆ. ಪದೇ ಪದೇ ಕೇಳೋ ಎಚ್ಚರಿಕೆಯನ್ನ ಯಾರೂ ಓದಲ್ಲ, ಎಂಟರ್ ಎರಡು ಸಲ ಒತ್ತೋದೇ ಅಭ್ಯಾಸ ಆಗಿಹೋಗುತ್ತೆ.

ಶಿಡ್ಲಘಟ್ಟ_ರೇಷ್ಮೆ:

ನಮ್ಮ ಕಡೆ ರೇಷ್ಮೆ ಗೂಡು ತೂಕದ ಲೆಕ್ಕ, ಹಾಗಾಗಿ ದಶಮಾಂಶ ಬಂದೇ ಬರುತ್ತೆ. ಒಂದು ಎಚ್ಚರಿಕೆ ಹೇಳಲೇಬೇಕು. ಡಾಟ್‌ನೆಟ್‌ನ ‘ಡೆಸಿಮಲ್ ಟ್ರೈಪಾರ್ಸ್’ಗೆ (ಪಠ್ಯವನ್ನ ಸಂಖ್ಯೆಯಾಗಿ ಓದೋ ಫಂಕ್ಷನ್) ಬೇರೇನೂ ಹೇಳದಿದ್ರೆ ಅದು ಅಲ್ಪವಿರಾಮವನ್ನ ಸಾವಿರದ ಗುರುತು ಅಂತ ಒಪ್ಪಿಕೊಳ್ಳುತ್ತೆ. ಅದು ಸರಿಯಾದ ಜಾಗದಲ್ಲಿದೆಯಾ ಅಂತ ನೋಡಲ್ಲ. ‘14,5’ ಅಂತ ಕೈ ಜಾರಿ ಹೊಡೆದ್ರೆ 145 ಆಗುತ್ತೆ. ತಪ್ಪು ಅನ್ನೋಲ್ಲ, ಪರೀಕ್ಷೆ ಪಾಸು! ಕೀಬೋರ್ಡಲ್ಲಿ ಚುಕ್ಕಿ, ಅಲ್ಪವಿರಾಮ ಅಕ್ಕಪಕ್ಕ ಇರೋದು ನೋಡಿ.

ಇಲ್ಲಿ ‘ನಂಬರ್‌ಸ್ಟೈಲ್ಸ್’ನಿಂದ ‘ಅಲೋಥೌಸಂಡ್ಸ್’ ತೆಗೆದುಬಿಡಿ. ಆಗ ‘1,900’ ಅಂತ ಹೊಡೆಯೋರಿಗೆ ತೊಂದರೆ ಆಗುತ್ತೆ ಅಂದ್ರೆ, ಅಲ್ಪವಿರಾಮದ ನಂತರ ಸರಿಯಾಗಿ ಗುಂಪಾಗಿದೆಯಾ ಅಂತ ನೀವೇ ನೋಡಿ ತೆಗೀರಿ. ದಿನಾಂಕಕ್ಕೂ ‘ಟ್ರೈಪಾರ್ಸ್‌ಎಕ್ಸಾಕ್ಟ್’ ಬಳಸಿ. ವಿಂಡೋಸ್ ಅಮೆರಿಕದ ಸೆಟ್ಟಿಂಗಲ್ಲೇ ಇರೋ ಕಂಪ್ಯೂಟರುಗಳು ಬೇಕಾದಷ್ಟಿವೆ, ಅಲ್ಲಿ 05-07 ಅಂದ್ರೆ ಜುಲೈ 5 ಅಲ್ಲ, ಮೇ 7.

ಪರೀಕ್ಷೆಗಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಇನ್ನೊಂದು. ಡೈಲಾಗಿನ ಕೆಳಗೆ ಹೊಡೀತಾ ಇದ್ದ ಹಾಗೇ ಒಟ್ಟು ಮೊತ್ತ ದೊಡ್ಡ ಅಕ್ಷರದಲ್ಲಿ ಬರಲಿ: ‘40 × 1,900 = 76,000, ಎಪ್ಪತ್ತಾರು ಸಾವಿರ’. ಎದುರಿಗೆ ನಿಂತ ರೈತರಿಗೂ ಕಾಣೋ ಹಾಗೆ. ಸೊನ್ನೆ ಜಾಸ್ತಿ ಬಿದ್ದಿದ್ರೆ ಸಾಫ್ಟ್‌ವೇರಿಗಿಂತ ಮೊದಲು ಅವರೇ ಹಿಡೀತಾರೆ.

ಕನ್ನಡ_ಯೂನಿಕೋಡ್:

ಹೆಸರಿನ ಬಾಕ್ಸಿನ ಬಗ್ಗೆ ಯಾರೂ ಹೇಳಲಿಲ್ಲ. ಕನ್ನಡದಲ್ಲಿ ಎಂಟ್ರಿ ಮಾಡ್ತೀರಾದ್ರೆ ಇದನ್ನ ಮೊದಲೇ ನೋಡಿಕೊಳ್ಳಿ.

ಹೆಸರಲ್ಲಿ ಅಂಕಿ, ಚಿಹ್ನೆ ಬರಬಾರದು ಅಂತ ‘ಅಕ್ಷರ ಮಾತ್ರ’ ಅನ್ನೋ ಪರೀಕ್ಷೆ ಬರೆಯೋದು ರೂಢಿ. ಡಾಟ್‌ನೆಟ್‌ನ ‘ಈಸ್‌ಲೆಟರ್’ ಆಗಲಿ, ರೆಗ್ಯುಲರ್ ಎಕ್ಸ್‌ಪ್ರೆಶನ್ನಿನ ಅಕ್ಷರದ ಗುಂಪಾಗಲಿ, ಕನ್ನಡದ ಗುಣಿತದ ಚಿಹ್ನೆಗಳನ್ನ, ಅನುಸ್ವಾರವನ್ನ, ವಿರಾಮವನ್ನ ಅಕ್ಷರ ಅಂತ ಲೆಕ್ಕ ಹಾಕಲ್ಲ. ಯೂನಿಕೋಡಲ್ಲಿ ಅವು ‘ಮಾರ್ಕ್’ ಗುಂಪಿನವು. ‘ವೆಂಕಟಮ್ಮ’ ಅಂತ ಹೊಡೆಯಿರಿ: ‘ವ’ ಪಾಸು, ಅದರ ಪಕ್ಕದ ಎತ್ವದ ಚಿಹ್ನೆ ಫೇಲು, ಸೊನ್ನೆ ಫೇಲು, ‘ಮ್ಮ’ದ ನಡುವಿನ ವಿರಾಮ ಫೇಲು. ಇಂಗ್ಲಿಷ್ ಹೆಸರು ಹೊಡೆದು ಪರೀಕ್ಷೆ ಮಾಡಿದೋರಿಗೆ ಇದು ಗೊತ್ತೇ ಆಗಲ್ಲ. ಮಾರ್ಕ್ ಗುಂಪನ್ನೂ ಸೇರಿಸಿ, ಇನಿಷಿಯಲ್ಲಿನ ಚುಕ್ಕಿ ಬಿಡಿ, ಒತ್ತಕ್ಷರ ಬಿಡಿಸೋಕೆ ಬಳಸೋ ಕಾಣದ ಅಕ್ಷರಗಳನ್ನೂ ಬಿಡಿ. ನನ್ನ ಕೇಳಿದ್ರೆ ಹೆಸರಿಗೆ ‘ಖಾಲಿ ಇರಬಾರದು’ ಅನ್ನೋದೊಂದೇ ರೂಲ್ ಸಾಕು. ಯಾರ ಹೆಸರು ಹೇಗಿರಬೇಕು ಅಂತ ಸಾಫ್ಟ್‌ವೇರ್ ಯಾಕೆ ಹೇಳಬೇಕು?

ಉದ್ದದ ಮಿತಿಯೂ ಹಾಗೇ. ‘ವೆಂಕಟಮ್ಮ’ ಕಣ್ಣಿಗೆ ನಾಲ್ಕು ಅಕ್ಷರ, ‘ಮ್ಯಾಕ್ಸ್‌ಲೆಂತ್’ಗೆ ಎಂಟು. 20 ಅಂತ ಹಾಕಿಟ್ಟರೆ ಹೆಸರು, ತಂದೆ ಹೆಸರು ಎರಡೂ ಹಿಡಿಯಲ್ಲ.

ಅಂಕಿಗಳದು ಇದಕ್ಕೆ ಉಲ್ಟಾ. ‘ಈಸ್‌ಡಿಜಿಟ್’ಗೂ, ರೆಗ್ಯುಲರ್ ಎಕ್ಸ್‌ಪ್ರೆಶನ್ನಿನ ಬ್ಯಾಕ್‌ಸ್ಲ್ಯಾಶ್ ಡಿಗೂ ‘೪೦’ ಅಂಕಿಯೇ, ಪಾಸು ಮಾಡ್ತವೆ. ಮುಂದಿನ ಸಾಲಲ್ಲಿರೋ ‘ಇಂಟ್ ಪಾರ್ಸ್’ ಮಾತ್ರ 0ಯಿಂದ 9ರ ತನಕದ್ದನ್ನೇ ಓದೋದು, ಅಲ್ಲಿ ಪ್ರೋಗ್ರಾಮು ಬಿದ್ದುಹೋಗುತ್ತೆ. ಪೈಥಾನಲ್ಲಿ, ಜಾವಾದಲ್ಲಿ ಈ ತೊಂದರೆ ಇಲ್ಲ, ಅವು ‘೪೦’ ಅನ್ನು 40 ಅಂತಲೇ ಓದ್ತವೆ. ಡಾಟ್‌ನೆಟ್‌ನಲ್ಲಿ ಓದೋ ಮೊದಲು ಕನ್ನಡ ಅಂಕಿಗಳನ್ನ ನೀವೇ ಬದಲಾಯಿಸಿಕೊಳ್ಳಿ, ‘ಗೆಟ್‌ನ್ಯೂಮರಿಕ್‌ವ್ಯಾಲ್ಯೂ’ ಸಾಕು. ಕನ್ನಡದಲ್ಲಿ ಅಂಕಿ ಹೊಡೆದೋರನ್ನ ತಪ್ಪು ಅಂತ ದಯವಿಟ್ಟು ತಡೀಬೇಡಿ.

ಮುಳಬಾಗಿಲು_ರಸ್ತೆ:

ಗಾಡಿ ನಂಬರಿಗೆ ಕೋಲಾರದ ಕೆಎ 07 ಮಾತ್ರ ಅಂತ ರೂಲ್ ಹಾಕಿಬಿಟ್ಟೀರ. ಕೆಜಿಎಫ್ ಗಾಡಿ 08, ಚಿಂತಾಮಣಿ 67, ಚಿಕ್ಕಬಳ್ಳಾಪುರ 40. ಮದನಪಲ್ಲಿ ಕಡೆಯಿಂದ ಬಂದ್ರೆ ಎಪಿ. ಬಿಎಚ್ ಸೀರೀಸ್ ಆದ್ರೆ ಮೊದಲು ಅಂಕಿಯೇ ಬರುತ್ತೆ. ಸ್ಪೇಸು, ಅಡ್ಡಗೆರೆ ತೆಗೆದು ದೊಡ್ಡಕ್ಷರ ಮಾಡಿ ಇಟ್ಟುಕೊಳ್ಳಿ, ಅಷ್ಟೇ ಸಾಕು.

ಕ್ಯೂಟಿ_ಕೆಜಿಎಫ್:

ಕ್ಯೂಟಿಯಲ್ಲಿ (ಪರದೆ ಮಾಡೋ ಇನ್ನೊಂದು ಟೂಲ್‌ಕಿಟ್) ‘ಕ್ಯೂವ್ಯಾಲಿಡೇಟರ್’ ಉತ್ತರ ಕೊಡೋದು ಸರಿ, ತಪ್ಪು ಅಂತ ಎರಡಲ್ಲ, ಮೂರು: ಒಪ್ಪಬಹುದು, ತಪ್ಪು, ಇನ್ನೂ ಪೂರ್ತಿ ಆಗಿಲ್ಲ. ಮೊಬೈಲಿನ ಹತ್ತು ಅಂಕಿಯಲ್ಲಿ ನಾಲ್ಕು ಹೊಡೆದಿದ್ರೆ ಅದು ತಪ್ಪಲ್ಲ, ಮುಗಿದಿಲ್ಲ ಅಷ್ಟೇ. ಡಬ್ಲ್ಯೂಪಿಎಫ್ ಇರಲಿ, ಯಾವುದೇ ಇರಲಿ, ಈ ಮೂರನೇ ಸ್ಥಿತಿಯನ್ನ ನಿಮ್ಮ ಕೋಡಲ್ಲಿ ಇಟ್ಟುಕೊಳ್ಳಿ. ಹೊಡೀತಾ ಇರೋವಾಗ ಸುಮ್ಮನಿರಿ. ಬಾಕ್ಸು ಬಿಟ್ಟು ಹೋದ ಮೇಲೂ ಅರ್ಧಂಬರ್ಧ ಇದ್ರೆ ತೋರಿಸಿ. ಒಮ್ಮೆ ಕೆಂಪಾದ ಮೇಲೆ ಅದನ್ನ ತಿದ್ದುವಾಗ ಮಾತ್ರ ಪ್ರತಿ ಕೀಲಿಗೂ ನೋಡಿ, ಸರಿಯಾದ ಕ್ಷಣವೇ ಕೆಂಪು ಹೋಗಲಿ.

ಕಾಂಟ್ಯಾಕ್ಟಿಂದ ಪೇಸ್ಟ್ ಮಾಡಿದ ನಂಬರಲ್ಲಿ +91, ನಡುವೆ ಸ್ಪೇಸು ಇರುತ್ತೆ. ತೆಗೆದುಹಾಕಿ ಒಪ್ಪಿಕೊಳ್ಳಿ. ಕೀಲಿ ಒತ್ತೋವಾಗಲೇ ಅಂಕಿ ಬಿಟ್ಟು ಬೇರೇನೂ ಬಿಡಲ್ಲ ಅಂತ ತಡೆಯೋರು ಪೇಸ್ಟನ್ನ ಮರೆತುಬಿಡ್ತಾರೆ. ವಿಂಡೋಸಿನ ಮೂಲ ಎಡಿಟ್ ಬಾಕ್ಸಿಗಿರೋ ‘ಅಂಕಿ ಮಾತ್ರ’ ಸ್ಟೈಲ್ ಕೂಡ ಪೇಸ್ಟ್ ಮಾಡಿದ್ದನ್ನ ತಡೆಯಲ್ಲ.

ವಿನ್‌ಫಾರ್ಮ್ಸ್_ಹಳಬ:

ಓಕೆ ಬಟನ್ ಮಸುಕು ಮಾಡೋ ಪ್ರಶ್ನೆ ಹಾಗೇ ಉಳೀತು. ನಾನು ಮಸುಕು ಮಾಡೋ ಪರ. ಒತ್ತೋಕೇ ಆಗದಿದ್ರೆ ತಪ್ಪು ಒಳಗೆ ಹೋಗೋ ಮಾತೇ ಇಲ್ಲ.

ಬಂಗಾರಪೇಟೆ_ಡಾಟ್‌ನೆಟ್:

ಅಣ್ಣ, ಇದೊಂದರಲ್ಲಿ ನಾನು ಒಪ್ಪಲ್ಲ. ಬಟನ್ ಮಸುಕಾಗಿದ್ರೆ ಯಾಕೆ ಮಸುಕಾಗಿದೆ ಅಂತ ಯಾರು ಹೇಳ್ತಾರೆ? ಎಂಟರ್ ಒತ್ತಿದ್ರೂ ಏನೂ ಆಗಲ್ಲ, ಸದ್ದೂ ಇಲ್ಲ. ಗುಮಾಸ್ತರು ಕಂಪ್ಯೂಟರ್ ಹ್ಯಾಂಗ್ ಆಯ್ತು ಅಂದುಕೊಳ್ತಾರೆ. ಓಕೆ ಯಾವಾಗಲೂ ತೆರೆದಿರಲಿ. ಒತ್ತಿದಾಗ ಎಲ್ಲಾ ತಪ್ಪನ್ನೂ ಆಯಾ ಬಾಕ್ಸಿನ ಪಕ್ಕದಲ್ಲಿ ಒಟ್ಟಿಗೆ ತೋರಿಸಿ, ಕರ್ಸರನ್ನ ಮೊದಲನೇ ತಪ್ಪಿಗೆ ಒಯ್ದು, ಅಲ್ಲಿರೋ ಪಠ್ಯ ಸೆಲೆಕ್ಟ್ ಮಾಡಿಡಿ. ನೇರ ಹೊಡೆದ್ರೆ ತಿದ್ದಿದ ಹಾಗೇ. ಸಂದೇಶ ‘ತಪ್ಪು ಮೌಲ್ಯ’ ಅಂತ ಬೇಡ, ‘ಬಾಕ್ಸ್ ಸಂಖ್ಯೆ 1 ಅಥವಾ ಹೆಚ್ಚು ಇರಬೇಕು’ ಅಂತ ಇರಲಿ. ಬರೀ ಕೆಂಪು ಬಣ್ಣ ನಂಬಬೇಡಿ, ಬಣ್ಣ ಗುರುತಿಸೋಕೆ ಕಷ್ಟ ಇರೋರು ಇರ್ತಾರೆ, ಪಕ್ಕದಲ್ಲಿ ಮಾತು ಇರಲೇಬೇಕು.

ಮಂಡಿ_ಕೌಂಟರ್:

ಮಸುಕು ಬೇಡವೇ ಬೇಡ. ಒಂದೊಂದಕ್ಕೂ ಒಂದೊಂದು ಮೆಸೇಜ್ ಬಾಕ್ಸೂ ಬೇಡ. ಮೆಸೇಜ್ ಬಾಕ್ಸ್ ಬಂದ್ರೆ ಕೈ ಅಭ್ಯಾಸದಲ್ಲಿ ಎಂಟರ್ ಒತ್ತಿಬಿಡುತ್ತೆ, ಏನು ಬರೆದಿತ್ತು ಅಂತ ಓದಿರಲ್ಲ.

ವಿನ್‌ಫಾರ್ಮ್ಸ್_ಹಳಬ:

ದಿನಾ ಬಳಸೋರೇ ಹೇಳಿದ ಮೇಲೆ ಮುಗೀತು, ತೆರೆದೇ ಇರಲಿ.

ಮಾಲೂರು_ಡೇಟಾ:

ಡೈಲಾಗ್ ಎಷ್ಟೇ ಚೆನ್ನಾಗಿ ಕಾವಲು ಕಾದ್ರೂ ಡೇಟಾ ಅದೊಂದೇ ಬಾಗಿಲಿಂದ ಬರಲ್ಲ. ನಾಳೆ ಎಕ್ಸೆಲಿಂದ ಇಂಪೋರ್ಟ್ ಕೇಳ್ತಾರೆ, ನಾಡಿದ್ದು ಹಳೇ ಬಿಲ್ ತಿದ್ದೋ ಇನ್ನೊಂದು ಪರದೆ. ರೂಲುಗಳನ್ನ ಡೈಲಾಗಿನ ಕೋಡ್ ಒಳಗೆ ಬರೆದಿದ್ರೆ ಅಲ್ಲೆಲ್ಲ ತಪ್ಪು ನುಗ್ಗುತ್ತೆ. ಲಾಟ್ ಅನ್ನೋ ಕ್ಲಾಸಲ್ಲೇ ರೂಲ್ ಇಡಿ, ಡೈಲಾಗ್ ಅದನ್ನ ಕೇಳಿ ತೋರಿಸಲಿ.

ಎಸ್‌ಕ್ಯೂಲೈಟ್ ಅಂದಿರಿ. ಅದರಲ್ಲಿ ಕಾಲಂ ಇಂಟೀಜರ್ ಅಂತ ಬರೆದಿದ್ರೂ ‘ನಲವತ್ತು’ ಅಂತ ಕೊಟ್ಟರೆ ಗಪ್‌ಚಿಪ್ ಆಗಿ ಇಟ್ಟುಕೊಳ್ಳುತ್ತೆ, ಎರರ್ ಬರಲ್ಲ. 2021ರ 3.37 ಆವೃತ್ತಿಯಿಂದ ಟೇಬಲ್ಲಿಗೆ ‘ಸ್ಟ್ರಿಕ್ಟ್’ ಅಂತ ಸೇರಿಸಿದ್ರೆ ತಡೆಯುತ್ತೆ. ಬಾಕ್ಸ್ ಸಂಖ್ಯೆ ಸೊನ್ನೆಗಿಂತ ಜಾಸ್ತಿ ಅನ್ನೋ ‘ಚೆಕ್’ ಕೂಡ ಹಾಕಿ. ಅಪರೂಪದ ರೇಟಿನ ಮಿತಿ ಮಾತ್ರ ಡೇಟಾಬೇಸಲ್ಲಿ ಹಾಕಬೇಡಿ, ಮೇಡಂ ಹೇಳಿದ ಕಥೆ ಮತ್ತೆ ಶುರುವಾಗುತ್ತೆ.

ಕೋಲಾರ_ಕೋಡ್:

ಎಲ್ಲಾ ಓದಿ ಬದಲಾಯಿಸ್ತಾ ಬಂದಿದೀನಿ. ಸ್ಟ್ರಿಂಗ್ ಪ್ರಾಪರ್ಟಿ ಆಯ್ತು, ಎಂಟರ್ ಸರಿಹೋಯ್ತು. ಲಾಟ್ ಕ್ಲಾಸಿಗೆ ರೂಲ್ ಹೋಯ್ತು. ಎಚ್ಚರಿಕೆಗೆ ಅವತ್ತಿನ ಲಾಟುಗಳ ಮಧ್ಯದ ರೇಟು ತಗೊಂಡು, ಅದರ ಮೂರರಷ್ಟಕ್ಕಿಂತ ಮೇಲೆ ಅಥವಾ ಮೂರನೇ ಒಂದು ಭಾಗಕ್ಕಿಂತ ಕೆಳಗೆ ಇದ್ರೆ ಮಾತ್ರ ಕೇಳೋ ಹಾಗೆ ಮಾಡಿದೀನಿ. ಮೊದಲ ಐದು ಲಾಟಿಗೆ ಏನೂ ಕೇಳಲ್ಲ. ಒಟ್ಟು ಮೊತ್ತ ಕೆಳಗೆ ದೊಡ್ಡದಾಗಿ ಬರುತ್ತೆ.

ಕೊನೇದಾಗಿ ಒಂದು: ಅರ್ಧ ತುಂಬಿಸಿ ಎಸ್ಕೇಪ್ ಒತ್ತಿದ್ರೆ ‘ಬಿಟ್ಟುಬಿಡಲಾ’ ಅಂತ ಕೇಳಬೇಕಾ?

ಬಂಗಾರಪೇಟೆ_ಡಾಟ್‌ನೆಟ್:

ಏನೂ ಹೊಡೆದಿಲ್ಲ ಅಂದ್ರೆ ಕೇಳದೆ ಮುಚ್ಚಿ. ಏನಾದ್ರೂ ಹೊಡೆದಿದ್ರೆ ಕೇಳೋ ಬದಲು ಆ ಎಂಟ್ರಿಯನ್ನ ಹಾಗೇ ಇಟ್ಟುಕೊಂಡು, ಮುಂದಿನ ಸಲ ‘ಹೊಸ ಲಾಟ್’ ತೆರೆದಾಗ ‘ಅರ್ಧ ಬಿಟ್ಟದ್ದು ಇದೆ’ ಅಂತ ಒಂದು ಬಟನ್ ಕೊಡಿ. ತಲೆಬರಹದ ಎಕ್ಸ್ ಬಟನ್ನಿಗೂ ಇದೇ ಕೋಡ್ ಓಡಲಿ. ಕ್ಯಾನ್ಸಲ್ ಹಾದಿಯಲ್ಲಿ ಯಾವ ಪರೀಕ್ಷೆಯೂ ಬೇಡ.

ಮಂಡಿ_ಕೌಂಟರ್:

ಅದು ಚೆನ್ನಾಗಿರುತ್ತೆ. ನಡುವೆ ಬೇರೆ ರೈತರದ್ದು ಬರೆಯೋ ಪ್ರಸಂಗ ದಿನಾ ಬರುತ್ತೆ. ಆದ್ರೆ ಒಂದೇ ಅರ್ಧ ಎಂಟ್ರಿ ಇಟ್ಟರೆ ಸಾಲಲ್ಲ ತಮ್ಮ, ಎರಡು ಮೂರು ಇರೋಕೆ ಜಾಗ ಮಾಡು, ರೈತರ ಹೆಸರು ಮೇಲೆ ಕಾಣಲಿ.

ಕೋಲಾರ_ಕೋಡ್:

ಮಾಡ್ತೀನಿ ಅಕ್ಕ. ಈ ವಾರ ಅದನ್ನೇ ಹಿಡ್ಕೊಂಡು ಕೂರ್ತೀನಿ.